ರಕ್ತ ನುಡಿದ ಸಾಕ್ಷಿ

"ಅವಳಿಗೇನು ಧಾಡಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮೈಯೂ ಬಂದಿದೆ. ಕೆಲಸ ಮಾತ್ರ ಆಗುವುದಿಲ್ಲವಂತೆ!"

ಇಂಥ ಮಾತು ಕೇಳಿಬರದ ಮನೆ ನಮ್ಮಲ್ಲಿ ವಿರಳ. ಊರಿನ ತುಂಬಿದ ಮನೆಯಲ್ಲಾಗಲಿ, ಮುಂಬಯಿಯ ಎರಡು ಕೋಣೆಗಳ ಬಿಡಾರದಲ್ಲಾಗಲಿ, ಹೆಂಗಸೊಬ್ಬಳು ಸದಾ ದಣಿವು ಎಂದರೆ, ಸೆಕೆಗಾಲದಲ್ಲೂ ಚಳಿ ಎಂದರೆ, ಕೂದಲು ಉದುರುತ್ತಿದೆ ಎಂದರೆ, ಯಾವುದರಲ್ಲೂ ಮನಸ್ಸು ನಿಲ್ಲದು ಎಂದರೆ, ಅದಕ್ಕೆ ಸೋಮಾರಿತನವೆಂದೋ, ನೆಪವೆಂದೋ, ವಯಸ್ಸಿನ ಗುಣವೆಂದೋ ಹೆಸರಿಟ್ಟು ಕೈತೊಳೆದುಕೊಳ್ಳುವುದು ಹಳೆಯ ರೂಢಿ. ಜ್ವರ ಬಂದರೆ ಉಷ್ಣಮಾಪಕ ಹೇಳುತ್ತದೆ. ಎಲುಬು ಮುರಿದರೆ ಎಕ್ಸ್-ರೇ ತೋರಿಸುತ್ತದೆ. ದಣಿವಿಗೆ ಸಾಕ್ಷಿ ಎಲ್ಲಿಂದ ತರಬೇಕು?

ಎಲ್ಲ ದಣಿವಿಗೂ ಅಲ್ಲದಿದ್ದರೂ ಒಂದು ಬಗೆಯ ದಣಿವಿಗೆ ಆ ಸಾಕ್ಷಿ ಆಕೆಯ ರಕ್ತದಲ್ಲೇ ಇರುತ್ತದೆ. ಅದನ್ನು ಓದಲು ಕಲಿಯುವುದಕ್ಕೆ ವೈದ್ಯಶಾಸ್ತ್ರಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಇಂದು ಎಲ್ಲ ಪ್ರಯೋಗಾಲಯಗಳಲ್ಲೂ ಸಾಮಾನ್ಯವಾಗಿರುವ ಥೈರಾಯಿಡ್ ಪರೀಕ್ಷೆಯ ಹಿಂದಿರುವ ಈ ಇತಿಹಾಸವನ್ನು ತಿಳಿದಮಟ್ಟಿಗೆ ಹೇಳುವುದು ಈ ಲೇಖನದ ಉದ್ದೇಶ. ಇದನ್ನು ಬರೆಯುತ್ತಿರುವವನು ವೈದ್ಯನಲ್ಲ, ಬಿ.ಎಸ್‌ಸಿ. ಮುಗಿಸಿ ಸರ್ಕಾರಿ ಕಡತಗಳ ನಡುವೆ ಕುಳಿತಿರುವ ಒಬ್ಬ ಗುಮಾಸ್ತ. ಈ ವಿಷಯ ನನ್ನನ್ನು ಏಕೆ ಹಿಡಿದುಕೊಂಡಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಐವರು ಹೆಂಗಸರು

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಅಂಟಿಕೊಂಡಿರುವ ಗ್ರಂಥಿಯೇ ಥೈರಾಯಿಡ್. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಗುರಾಣಿಯಂಥದ್ದು ಎಂದು ಅರ್ಥ. ತೂಕ ಸುಮಾರು 20 ಗ್ರಾಂ. ಆಹಾರದಲ್ಲಿ ಬರುವ ಅಯೊಡೀನನ್ನು ಹೀರಿಕೊಂಡು ಇದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ದೇಹದ ಒಲೆಯ ಉರಿಯನ್ನು ಏರಿಸುವ, ಇಳಿಸುವ ಕೆಲಸ ಈ ಹಾರ್ಮೋನಿನದು. ಉರಿ ಹೆಚ್ಚಾದರೆ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಮೈ ಇಳಿಯುತ್ತದೆ. ಉರಿ ತಗ್ಗಿದರೆ ಚಳಿ, ಮಂಕು, ಮಲಬದ್ಧತೆ, ಒಣಗಿದ ಚರ್ಮ, ಬಾತ ಮುಖ, ನಿಧಾನವಾದ ಮಾತು.

ಇಷ್ಟು ಸರಳವಾಗಿ ನಾವು ಇಂದು ಹೇಳುವ ಸಂಗತಿ 150 ವರ್ಷಗಳ ಹಿಂದೆ ಯಾರಿಗೂ ತಿಳಿದಿರಲಿಲ್ಲ. 1873ರಲ್ಲಿ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ತಾನು ಕಂಡ ಐವರು ಹೆಂಗಸರ ಸ್ಥಿತಿಯನ್ನು ವೈದ್ಯರ ಸಭೆಯೊಂದರಲ್ಲಿ ವರ್ಣಿಸಿದ. ಮೊದಲು ಚುರುಕಾಗಿದ್ದವರು ಕ್ರಮೇಣ ಜಡರಾದುದು, ಮುಖ ಬಾತದ್ದು, ನಾಲಗೆ ದಪ್ಪವಾದುದು, ದನಿ ಬದಲಾದುದು, ಎಲ್ಲವನ್ನೂ ಆತ ಕಣ್ಣಾರೆ ಕಂಡು ಬರೆದಿಟ್ಟ. ಕಾರಣ ಮಾತ್ರ ಅವನಿಗೆ ಹೊಳೆಯಲಿಲ್ಲ. 1878ರಲ್ಲಿ ವಿಲಿಯಂ ಆರ್ಡ್ ಎಂಬಾತ ಈ ಸ್ಥಿತಿಗೆ 'ಮಿಕ್ಸೆಡೀಮ' ಎಂದು ಹೆಸರಿಟ್ಟ. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

ಕಾರಣ ತಿಳಿದದ್ದು ಅನಿರೀಕ್ಷಿತ ದಿಕ್ಕಿನಿಂದ. ಸ್ವಿಟ್ಜರ್ಲೆಂಡಿನ ಬೆಟ್ಟಗಾಡಿನಲ್ಲಿ ಗಳಗಂಡದ ರೋಗಿಗಳು ಬಹಳ. ಅಲ್ಲಿನ ಹೆಸರಾಂತ ಶಸ್ತ್ರವೈದ್ಯ ಥಿಯೊಡರ್ ಕೋಹರ್ ಉಬ್ಬಿದ ಗ್ರಂಥಿಯನ್ನು ಕೊಯ್ದು ತೆಗೆಯುವುದರಲ್ಲಿ ಸಿದ್ಧಹಸ್ತ. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಿದ್ದ ತನ್ನ ಹಳೆಯ ರೋಗಿಗಳನ್ನು ಆತ ಮತ್ತೆ ಕರೆಸಿ ನೋಡಿದಾಗ, 18 ಮಂದಿಯಲ್ಲಿ 16 ಮಂದಿ ಜಡರಾಗಿ, ಬಾತು, ಮಂಕು ಹಿಡಿದವರಾಗಿದ್ದರು. 1883ರಲ್ಲಿ ಆತ ಇದನ್ನು ಮುಚ್ಚಿಡದೆ ಪ್ರಕಟಿಸಿದ. ಲಂಡನ್ನಿನ ವೈದ್ಯರು ಒಂದು ಸಮಿತಿ ರಚಿಸಿ ನೂರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿದರು. ಅವರಲ್ಲಿ ಬಹುಪಾಲು ಸ್ತ್ರೀಯರು. 1888ರಲ್ಲಿ ಸಮಿತಿ ಕೊಟ್ಟ ತೀರ್ಪು: ಗಲ್ ಕಂಡ ಹೆಂಗಸರಿಗೂ ಕೋಹರನ ರೋಗಿಗಳಿಗೂ ಆದದ್ದು ಒಂದೇ, ಥೈರಾಯಿಡ್ ಗ್ರಂಥಿಯ ನಷ್ಟ.

ಮೂರು ವರ್ಷಗಳ ಬಳಿಕ, 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ತರುಣ ವೈದ್ಯ ಜಾರ್ಜ್ ಮರ್ರೆ 46 ವರ್ಷದ ಹೆಂಗಸೊಬ್ಬಳಿಗೆ ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ಚುಚ್ಚಿದ. ಕೆಲವೇ ವಾರಗಳಲ್ಲಿ ಬಾವು ಇಳಿಯಿತು, ಮಾತು ಚುರುಕಾಯಿತು. ಮುಂದೆ ಸಾರವನ್ನು ಬಾಯಿಯ ಮೂಲಕವೇ ಕೊಡಬಹುದೆಂದು ತಿಳಿಯಿತು. ಆಕೆ ಇನ್ನೂ 28 ವರ್ಷ ಬದುಕಿ 1919ರಲ್ಲಿ, ತನ್ನ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಕಾಲ ಆಕೆಯನ್ನು ಉಳಿಸಲು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವೆಂದು ಮರ್ರೆ ಲೆಕ್ಕ ಕೊಟ್ಟಿದ್ದಾನೆ.

ಕಣ್ಣಿಗೆ ಕಾಣದವರ ಗತಿ

ಹೀಗೆ ರೋಗ ತಿಳಿಯಿತು, ಔಷಧ ದೊರಕಿತು. ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತಷ್ಟೆ? ಆಗಲಿಲ್ಲ. ಏಕೆಂದರೆ ರೋಗವನ್ನು ಗುರುತಿಸುವ ಸಾಧನ ವೈದ್ಯನ ಕಣ್ಣೊಂದೇ. ಮುಖ ನೋಡಿದೊಡನೆ ತಿಳಿಯುವಷ್ಟು ಕಾಯಿಲೆ ಬಲಿತವರಿಗೆ ಚಿಕಿತ್ಸೆ ಸಿಕ್ಕಿತು. ಗ್ರಂಥಿ ಅರ್ಧ ಸೊರಗಿದವರು, ಇನ್ನೂ ಎದ್ದು ಓಡಾಡುತ್ತ ಅಡಿಗೆ ಮಾಡುತ್ತಿರುವವರು, ಯಾವ ಲೆಕ್ಕಕ್ಕೂ ಬರಲಿಲ್ಲ. ಅಂಥವರಿಗೆ ಸಿಕ್ಕಿದ್ದು 'ನರಗಳ ದೌರ್ಬಲ್ಯ' ಎಂಬ ಹೆಸರು, ಒಂದು ಸೀಸೆ ಟಾನಿಕ್ಕು.

1914ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಥೈರಾಕ್ಸಿನನ್ನು ಹರಳುರೂಪದಲ್ಲಿ ಬೇರ್ಪಡಿಸಿದ. 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹ್ಯಾರಿಂಗ್‌ಟನ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ವಿಧಾನ ಪ್ರಕಟಿಸಿದ. ಆದರೆ ಅದು ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವುದು ಬೇರೆಯೇ ಮಾತು. ಒಂದು ಲೀಟರ್ ರಕ್ತದ್ರವದಲ್ಲಿ ಇರುವ ಥೈರಾಕ್ಸಿನ್ ಹೆಚ್ಚೂಕಡಮೆ ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು.

ಆದುದರಿಂದ ವೈದ್ಯರು ಸುತ್ತುದಾರಿ ಹಿಡಿದರು. ರೋಗಿಯನ್ನು ಉಪವಾಸವಿಟ್ಟು, ಮಲಗಿಸಿ, ಮೂಗು ಕಟ್ಟಿ, ಬಾಯಿಗೆ ಕೊಳವೆಯಿಟ್ಟು, ಆಕೆ ಎಷ್ಟು ಆಮ್ಲಜನಕ ಬಳಸುತ್ತಾಳೆಂದು ಅಳೆದರು. ಹೆದರಿದವರ ಉಸಿರು ಏರುವುದು ಸಹಜವಾದ್ದರಿಂದ ಲೆಕ್ಕ ತಪ್ಪುತ್ತಿತ್ತು. ಆಮೇಲೆ, ರಕ್ತದ ಪ್ರೋಟೀನಿಗೆ ಅಂಟಿಕೊಂಡ ಅಯೊಡೀನನ್ನು ಅಳೆಯುವ ಪರೀಕ್ಷೆ ಬಂತು. ಅಯೊಡೀನ್ ಬೆರೆತ ಕೆಮ್ಮಿನ ಔಷಧಿ ಕುಡಿದಿದ್ದರೂ ಅದು ಕೆಟ್ಟುಹೋಗುತ್ತಿತ್ತು. ಬಸುರಿಯರಲ್ಲಂತೂ ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನೇ ಹೆಚ್ಚುವುದರಿಂದ ಅಂಕಿ ತಾನಾಗಿ ಮೇಲೇರುತ್ತಿತ್ತು. ಯಾರಿಗೆ ಹೆಚ್ಚು ಬೇಕಿತ್ತೋ ಅವರಲ್ಲೇ ಪರೀಕ್ಷೆ ದಾರಿ ತಪ್ಪಿಸುತ್ತಿತ್ತು.

ಈ ನಡುವೆ ರೋಗದ ಮೂಲದ ಹುಡುಕಾಟವೂ ನಡೆದಿತ್ತು. 1912ರಲ್ಲಿ ಜಪಾನಿನ ಕ್ಯೂಷೂ ವಿಶ್ವವಿದ್ಯಾಲಯದ ತರುಣ ಶಸ್ತ್ರವೈದ್ಯ ಹಕಾರು ಹಶಿಮೊಟೊ, ನಾಲ್ವರು ಹೆಂಗಸರಿಂದ ಕೊಯ್ದು ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ. ಅವುಗಳ ತುಂಬ ಬಿಳಿಯ ರಕ್ತಕಣಗಳು ಮುತ್ತಿಕೊಂಡಿದ್ದವು. ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧ ಬರೆದು, ಕೆಲಕಾಲಾನಂತರ ಹುಟ್ಟೂರಿಗೆ ಹಿಂದಿರುಗಿ ವೈದ್ಯವೃತ್ತಿ ಮಾಡಿಕೊಂಡಿದ್ದು 1934ರಲ್ಲಿ ತೀರಿಕೊಂಡ. ಜಗತ್ತು ಅವನ ಹೆಸರನ್ನು ಒಂದು ರೋಗಕ್ಕೆ ಇಟ್ಟು ನೆನೆಯುವುದನ್ನು ಕಾಣಲು ಆತನಿರಲಿಲ್ಲ.

1956ರಲ್ಲಿ ಲಂಡನ್ನಿನಲ್ಲಿ ಡೆಬೊರಾ ಡೋನಿಯಾಕ್ ಎಂಬ ವೈದ್ಯೆ ಒಂದು ಸಂಗತಿ ಗಮನಿಸಿದಳು. ಹಶಿಮೊಟೊ ರೋಗಿಗಳ ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಎಂಬ ರಕ್ಷಕ ಪ್ರೋಟೀನ್ ಹೆಚ್ಚಾಗಿರುತ್ತಿತ್ತು. ಗ್ರಂಥಿಯನ್ನು ತೆಗೆದ ಮೇಲೆ ಅದು ಇಳಿಯುತ್ತಿತ್ತು. ಹಾಗಾದರೆ ದೇಹದ ಕಾವಲುಪಡೆ ತನ್ನದೇ ಗ್ರಂಥಿಯ ಮೇಲೆ ಏರಿಹೋಗುತ್ತಿದೆಯೆ? ಆಕೆಯೂ ಐವಾನ್ ರಾಯಿಟ್ ಮತ್ತು ಸಂಗಡಿಗರೂ ರೋಗಿಯ ರಕ್ತದ್ರವವನ್ನು ಥೈರಾಯಿಡಿನ ಸಾರದೊಡನೆ ಸೇರಿಸಿ ನೋಡಿದಾಗ ಎರಡೂ ಕೂಡಿ ಗಸಿಗಟ್ಟಿದವು. ಸಂದೇಹ ನಿಜವಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಈ ಬಗೆಯ ರೋಗಗಳು ಪುರುಷರಿಗಿಂತ ಸ್ತ್ರೀಯರಿಗೆ ಬಹುಪಾಲು ಹೆಚ್ಚು. ಅಯೊಡೀನ್ ಬೆರೆಸಿದ ಉಪ್ಪು ಬಳಕೆಯಲ್ಲಿರುವ ಕಡೆಗಳಲ್ಲಿ ಗ್ರಂಥಿ ಸೊರಗುವುದಕ್ಕೆ ಮುಖ್ಯ ಕಾರಣವೂ ಇದೇ.

ಶೀಘ್ರಲಿಪಿಯ ಪುಸ್ತಕ ಹರಿದವಳು

ಅಳತೆಯ ಕಗ್ಗಂಟನ್ನು ಬಿಡಿಸಿದ್ದು ಒಬ್ಬ ಹೆಂಗಸು ಎಂಬುದು ಈ ಕಥೆಯ ವಿಶೇಷ. ರೋಸಲಿನ್ ಯಾಲೊ 1921ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವಳು. ಭೌತಶಾಸ್ತ್ರದಲ್ಲಿ ಮುಂದೆ ಓದಬೇಕೆಂಬ ಆಸೆ. ಹೆಣ್ಣಿಗೆ, ಅದರಲ್ಲೂ ಬಡ ಯೆಹೂದಿ ಮನೆಯ ಹೆಣ್ಣಿಗೆ, ಅಂಥ ಅವಕಾಶ ಆಗ ಅಪರೂಪ. ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ಬಳಿ ಕಾರ್ಯದರ್ಶಿಯಾಗಿ ಸೇರಿದರೆ ಹಿಂಬಾಗಿಲಿನಿಂದಾದರೂ ಪಾಠ ಕೇಳಬಹುದೆಂಬ ಸಲಹೆ ಬಂತು. ಅದಕ್ಕಾಗಿ ಶೀಘ್ರಲಿಪಿ ಕಲಿಯಬೇಕಿತ್ತು. ಶೀಘ್ರಲಿಪಿ, ಟೈಪುಗಳನ್ನು ನಂಬಿ ಊರು ಬಿಟ್ಟು ಬಂದ ತಲೆಮಾರಿನ ಕನ್ನಡಿಗರಿಗೆ ಆಕೆಯ ಪಾಡನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಷ್ಟರಲ್ಲಿ 1941ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಕರೆ ಬಂದಿತು. ಆಕೆ ಶೀಘ್ರಲಿಪಿಯ ಪುಸ್ತಕಗಳನ್ನು ಹರಿದು ಹಾಕಿ ಹೊರಟಳು. ಅಲ್ಲಿ ಅವಳ ವಿಭಾಗದ 400 ಮಂದಿ ಬೋಧಕರು, ಸಹಾಯಕರ ನಡುವೆ ಹೆಣ್ಣೆಂದರೆ ಅವಳೊಬ್ಬಳೇ.

ಮುಂದೆ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಆಸ್ಪತ್ರೆಯೊಂದರಲ್ಲಿ, ಜಾಡಮಾಲಿಗಳ ಸಾಮಾನಿಡುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ವೈದ್ಯ ಸಾಲೊಮನ್ ಬರ್ಸನ್ ಜೊತೆಗೂಡಿ ಆಕೆ ದುಡಿದಳು. 1959-60ರ ಸುಮಾರಿಗೆ ಅವರಿಬ್ಬರೂ ಸಿದ್ಧಪಡಿಸಿದ ವಿಧಾನಕ್ಕೆ ರೇಡಿಯೊ ಇಮ್ಯುನೊ ಅಸ್ಸೇ ಎಂದು ಹೆಸರು. ತತ್ವ ಬಹಳ ಸರಳ. ಪಂಕ್ತಿಯಲ್ಲಿ ನೂರೇ ಎಲೆ ಹಾಕಿದೆಯೆಂದುಕೊಳ್ಳಿ. ಗುರುತಿಗಾಗಿ ಕೆಂಪು ಪೇಟ ಸುತ್ತಿದ ನೂರು ಮಂದಿಯನ್ನು ನಾವೇ ಕಳಿಸುತ್ತೇವೆ. ಅವರ ಜೊತೆಗೆ ಪೇಟವಿಲ್ಲದವರು ಎಷ್ಟು ಮಂದಿ ನುಗ್ಗುತ್ತಾರೋ ಅಷ್ಟು ಕೆಂಪು ಪೇಟಗಳಿಗೆ ಎಲೆ ಸಿಗದು. ಊಟಕ್ಕೆ ಕುಳಿತ ಕೆಂಪು ಪೇಟಗಳನ್ನು ಎಣಿಸಿದರೆ, ನುಗ್ಗಿದವರ ಲೆಕ್ಕ ತಾನಾಗಿ ದೊರೆಯುತ್ತದೆ. ಇಲ್ಲಿ ಎಲೆಯೆಂದರೆ ಹಾರ್ಮೋನನ್ನು ಹಿಡಿಯುವ ಪ್ರತಿಕಾಯ. ಕೆಂಪು ಪೇಟವೆಂದರೆ ವಿಕಿರಣದ ಗುರುತು. ಪೇಟವಿಲ್ಲದವರೇ ರೋಗಿಯ ರಕ್ತದಲ್ಲಿರುವ ಹಾರ್ಮೋನು.

ಮೊದಲು ಇನ್ಸುಲಿನ್ನಿಗೆ ಬಳಸಿದ ಈ ವಿಧಾನ 1965ರ ಹೊತ್ತಿಗೆ ಥೈರಾಯಿಡಿನ ಕಡೆಗೂ ತಿರುಗಿತು. ಬರ್ಸನ್ ಮತ್ತು ಯಾಲೊ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡ. ಯಾಲೊಗೆ 1977ರಲ್ಲಿ ನೊಬೆಲ್ ಬಹುಮಾನ ಬಂದಿತು. ವೈದ್ಯಶಾಸ್ತ್ರದಲ್ಲಿ ಅದನ್ನು ಪಡೆದ ಎರಡನೆಯ ಹೆಂಗಸು ಆಕೆ. ನಮ್ಮ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರವೂ ಈ ಪರೀಕ್ಷೆಗೆ ಬೇಕಾದ ಸಾಮಗ್ರಿಗಳನ್ನು ತಯಾರಿಸಿ ದೇಶದ ಪ್ರಯೋಗಾಲಯಗಳಿಗೆ ಒದಗಿಸಿತೆಂಬುದನ್ನು ಇಲ್ಲಿ ಸ್ಮರಿಸಬೇಕು. 1980ರ ದಶಕದಲ್ಲಿ ವಿಕಿರಣದ ಹಂಗಿಲ್ಲದ, ಇನ್ನೂ ಸೂಕ್ಷ್ಮವಾದ ವಿಧಾನಗಳು ಬಂದವು.

ಜ್ಞಾಪನ ಪತ್ರಗಳು

ಈ ಪರೀಕ್ಷೆಯ ಜೀವಾಳ ಟಿ.ಎಸ್.ಎಚ್. ಎಂಬ ಮೂರಕ್ಷರ. ಇದು ಥೈರಾಯಿಡಿನ ಹಾರ್ಮೋನಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯಿಡಿಗೆ ಕಳಿಸುವ ಆಜ್ಞೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕೆಳಗಿನ ಕಚೇರಿ ನಿಧಾನಿಸಿದಷ್ಟೂ ಮೇಲಿನ ಕಚೇರಿಯ ಜ್ಞಾಪನ ಪತ್ರಗಳು ಹೆಚ್ಚುತ್ತವೆ. ಒತ್ತಾಯಕ್ಕೆ ಮಣಿದು ಕೆಳಗಿನವರು ಹೇಗೋ ಕೆಲಸ ಮುಗಿಸುತ್ತಿರಬಹುದು. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಆದರೆ ಜ್ಞಾಪನ ಪತ್ರಗಳ ಕಟ್ಟು ನೋಡಿದವನಿಗೆ ಒಳಗಿನ ಪರಿಸ್ಥಿತಿ ತಿಳಿಯುತ್ತದೆ. ಹಾಗೆಯೇ ಥೈರಾಕ್ಸಿನ್ ಇನ್ನೂ ಮಿತಿಯೊಳಗೆ ಇರುವಾಗಲೇ ಟಿ.ಎಸ್.ಎಚ್. ಏರತೊಡಗುತ್ತದೆ. ಗ್ರಂಥಿ ಅತಿಯಾಗಿ ದುಡಿಯುತ್ತಿದ್ದರೆ ಆಜ್ಞೆ ನಿಂತೇಹೋಗಿ ಅಂಕಿ ತಳಕ್ಕಿಳಿಯುತ್ತದೆ. ಸಾಮಾನ್ಯವಾಗಿ ಲೀಟರಿಗೆ 0.4ರಿಂದ 4 ಮಿಲಿ ಯೂನಿಟ್‌ವರೆಗೆ ಸರಿಯೆಂದು ಎಣಿಸುತ್ತಾರೆ.

ಈ ದೀಪ ಕೈಗೆ ಬಂದ ಮೇಲೆ ಹಳೆಯ ಕತ್ತಲೆಯಲ್ಲಿ ಏನೇನಿತ್ತೆಂಬುದು ಕಾಣಿಸಿತು. ಇಂಗ್ಲೆಂಡಿನ ವಿಕಂ ಎಂಬ ಪ್ರದೇಶದಲ್ಲಿ 1972ರಿಂದ 1974ರವರೆಗೆ 2,779 ಮಂದಿ ಸಾಮಾನ್ಯ ನಾಗರಿಕರನ್ನು ಪರೀಕ್ಷಿಸಿದರು. ಟಿ.ಎಸ್.ಎಚ್. ಏರಿದ್ದವರು ಪುರುಷರಲ್ಲಿ ನೂರಕ್ಕೆ 2.8, ಸ್ತ್ರೀಯರಲ್ಲಿ 7.5. ಅವರು ಆಸ್ಪತ್ರೆಯ ರೋಗಿಗಳಾಗಿರಲಿಲ್ಲ. ತಮ್ಮ ಪಾಡಿಗೆ ಮನೆಗೆಲಸ ಮಾಡಿಕೊಂಡಿದ್ದವರು. ನಮ್ಮಲ್ಲಿ ಬೆಂಗಳೂರು, ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದ್ ಸೇರಿದಂತೆ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ನೂರಕ್ಕೆ 11 ಮಂದಿಗೆ ಥೈರಾಯಿಡಿನ ಕೊರತೆ ಇತ್ತು. ಅವರಲ್ಲೂ ಸ್ತ್ರೀಯರೇ ಹೆಚ್ಚು. ಪರೀಕ್ಷೆಯಾಗುವವರೆಗೆ ತಮಗಿದೆಯೆಂದು ತಿಳಿಯದಿದ್ದವರೂ ಅವರಲ್ಲಿದ್ದರು.

ಬಾಣಂತಿಯ ದಣಿವು

ಹೆಣ್ಣಿನ ಬಾಳಿನ ಒಂದೊಂದು ಘಟ್ಟದಲ್ಲೂ ಈ ಗ್ರಂಥಿ ಕೈಹಾಕುತ್ತದೆ. ಕೊರತೆಯಾದರೆ ಮುಟ್ಟಿನಲ್ಲಿ ಅತಿಸ್ರಾವವಾಗಬಹುದು, ಬಸಿರು ನಿಲ್ಲುವುದು ತಡವಾಗಬಹುದು, ನಿಂತ ಬಸಿರು ಇಳಿದುಹೋಗಬಹುದು. ನಡುವಯಸ್ಸಿನಲ್ಲಿ ಇದರ ಲಕ್ಷಣಗಳು ಮುಟ್ಟು ನಿಲ್ಲುವ ಕಾಲದ ತೊಂದರೆಗಳೊಡನೆ ಬೆರೆತು ಗುರುತೇ ಸಿಗವು. ಮನಸ್ಸು ಕುಗ್ಗುವುದು, ರಕ್ತದಲ್ಲಿ ಕೊಲೆಸ್ಟರಾಲ್ ಏರುವುದು, ಇವುಗಳ ಹಿಂದೆಯೂ ಕೆಲವೊಮ್ಮೆ ಇದೇ ಇರುತ್ತದೆ.

ಬಾಣಂತನದ ಮಾತು ಇನ್ನೂ ಕುತೂಹಲಕರ. 1948ರಲ್ಲಿ ನ್ಯೂಜಿಲೆಂಡಿನ ರಾಬರ್ಟನ್ ಎಂಬ ವೈದ್ಯ, ಹೆರಿಗೆಯಾದ ಕೆಲವು ತಿಂಗಳ ಮೇಲೆ ಹೆಂಗಸರು ಹೇಳುವ ನಿಶ್ಶಕ್ತಿ, ಚಳಿ, ಕೂದಲುದುರುವಿಕೆಗಳನ್ನು ಗಮನಿಸಿ, ಅವರಿಗೆ ಥೈರಾಯಿಡ್ ಸಾರ ಕೊಟ್ಟು ಗುಣವಾದುದನ್ನು ಪ್ರಕಟಿಸಿದ. ಅವನ ಬಳಿ ರಕ್ತಪರೀಕ್ಷೆ ಇರಲಿಲ್ಲ. ಆ ತಾಯಂದಿರ ಮಾತನ್ನು ನಂಬಿದ, ಅಷ್ಟೆ. ಲೋಕ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ದಶಕದಲ್ಲಿ ಜಪಾನಿನ ನೊಬುಯುಕಿ ಅಮಿನೊ ಮತ್ತು ಸಂಗಡಿಗರು ಹೊಸ ಪರೀಕ್ಷೆಗಳಿಂದ ಬಾಣಂತಿಯರ ರಕ್ತ ನೋಡಿ, ಅದು ನಿಜವಾದ ರೋಗವೆಂದು ಸ್ಥಾಪಿಸಿದರು. ಬಸಿರಿನಲ್ಲಿ ತಣ್ಣಗಿದ್ದ ದೇಹದ ಕಾವಲುಪಡೆ ಹೆರಿಗೆಯ ನಂತರ ಮರಳಿ ಕೆರಳುವುದೇ ಕಾರಣ. ಹೆರಿಗೆಯಾದ 20 ಮಂದಿಯಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ. ಬಹಳಷ್ಟು ಮಂದಿಗೆ ವರ್ಷದೊಳಗೆ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ.

ಬಸಿರಿನ ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳಿಗೆ ಬೇಕಾದ ಥೈರಾಕ್ಸಿನ್ ತಾಯಿಯಿಂದಲೇ ಬರಬೇಕು. ತಾಯಿಯ ಕೊರತೆಗೆ ಚಿಕಿತ್ಸೆಯಾಗದ ಮಕ್ಕಳ ಬುದ್ಧಿಸೂಚಿ, ಏಳರಿಂದ ಒಂಬತ್ತನೆಯ ವಯಸ್ಸಿನಲ್ಲಿ ಅಳೆದಾಗ, ಸರಾಸರಿ 7 ಅಂಶ ಕಡಿಮೆಯಿತ್ತೆಂದು 1999ರಲ್ಲಿ ಅಮೆರಿಕದಿಂದ ವರದಿ ಬಂತು. ತಿಳಿದ ಕೊರತೆಯನ್ನು ಬಸಿರಿನಲ್ಲಿ ಹಾಗೇ ಬಿಡಬಾರದೆಂಬುದರಲ್ಲಿ ಎರಡು ಮಾತಿಲ್ಲ.

ಅಂಕಿಗೂ ಮಿತಿಯುಂಟು

ಆದರೆ ಅಂಕಿಯನ್ನೇ ದೇವರು ಮಾಡಬಾರದು. ಅತ್ಯಲ್ಪ ಕೊರತೆಯಿದ್ದ ಬಸುರಿಯರನ್ನು ಹುಡುಕಿ ಗುಳಿಗೆ ಕೊಟ್ಟ ಎರಡು ದೊಡ್ಡ ಅಧ್ಯಯನಗಳಲ್ಲಿ, 2012 ಮತ್ತು 2017ರಲ್ಲಿ ಪ್ರಕಟವಾದವು, ಮಕ್ಕಳ ಬುದ್ಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆ ಆರಂಭವಾದದ್ದು ತಡವೇ ಎಂಬ ಚರ್ಚೆ ಉಳಿದಿದೆ. 2017ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, 65 ವರ್ಷ ದಾಟಿದ 737 ಮಂದಿ ಅಲ್ಪ ಕೊರತೆಯವರನ್ನು ನೋಡಿದಾಗ, ಗುಳಿಗೆಯಿಂದ ಅವರ ದಣಿವು ಕಡಿಮೆಯಾಗಲಿಲ್ಲ. ತುಸು ಏರಿದ ಟಿ.ಎಸ್.ಎಚ್. ಕೆಲವು ವಾರ ಬಿಟ್ಟು ನೋಡಿದರೆ ಇಳಿದಿರುವುದೂ ಉಂಟು. ಕೂದಲಿಗೆಂದು ನುಂಗುವ ಬಯೊಟಿನ್ ಗುಳಿಗೆ ಕೆಲವು ಬಗೆಯ ಪರೀಕ್ಷೆಗಳನ್ನು ಕೆಡಿಸುತ್ತದೆ. ನೆರೆಮನೆಯಾಕೆಯ ಗುಳಿಗೆಯನ್ನು ತಂದು ನುಂಗುವುದಂತೂ ಅಪಾಯ. ಅತಿಯಾದರೆ ಹೃದಯಕ್ಕೂ ಎಲುಬಿಗೂ ಪೆಟ್ಟು. ದಣಿವಿಗೆ ರಕ್ತಹೀನತೆ, ಸಕ್ಕರೆ ಕಾಯಿಲೆ, ನಿದ್ದೆಗೇಡು, ಮನೆಯ ದುಡಿತ ಇವೂ ಕಾರಣಗಳು. ಥೈರಾಯಿಡ್ ಸರಿಯಿದೆ ಎಂದು ಬಂದ ಮಾತ್ರಕ್ಕೆ ಆಕೆಯ ದಣಿವು ಸುಳ್ಳಾಗುವುದಿಲ್ಲ.

ಇನ್ನು ನನ್ನ ಕಾರಣ. 1988ರಲ್ಲಿ ಗದಗಿನ ತವರಿನಲ್ಲಿ ನನ್ನ ತಮ್ಮ ಹುಟ್ಟಿದ. ಬಾಣಂತನ ಮುಗಿಸಿ ಮುಂಬಯಿಗೆ ಬಂದ ನಮ್ಮ ಅವ್ವ ಮೊದಲಿನ ಅವ್ವನಾಗಿರಲಿಲ್ಲ. ಮೇ ತಿಂಗಳಲ್ಲೂ ಸೆರಗು ಹೊದ್ದು ಕೂಡುವಳು. ಮಾತು ಕಡಿಮೆಯಾಯಿತು, ದನಿ ಒಡೆಯಿತು. ಊರಿನಿಂದ ಬಂದ ಅಜ್ಜಿ, "ಉಂಡು ಉಂಡು ಮೈ ಬಂದದ, ಅಷ್ಟ" ಎನ್ನುವರು. ತೋರಿಸಿದ ವೈದ್ಯರೊಬ್ಬರು ಟಾನಿಕ್ ಬರೆದುಕೊಟ್ಟು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಶಾಲೆಯಿಂದ ಬಂದು ಅವ್ವ ಮಲಗಿರುವುದನ್ನು ಕಂಡು ನಾನೂ ಸಿಡುಕಿದ್ದೇನೆ: "ಯಾವಾಗ ನೋಡಿದ್ರೂ ಮಲಗಿರ್ತಿ." ಹೀಗೆ 11 ವರ್ಷ ಕಳೆಯಿತು.

1999ರಲ್ಲಿ ಬೇರೆ ಯಾವುದಕ್ಕೋ ಆಸ್ಪತ್ರೆಗೆ ಹೋದಾಗ, ಅಲ್ಲಿಯ ಒಬ್ಬ ಕಿರಿಯ ವೈದ್ಯೆ ಅವ್ವನ ದನಿ ಕೇಳಿಯೇ ರಕ್ತ ಪರೀಕ್ಷೆಗೆ ಬರೆದರು. ವರದಿಯ ಲಕೋಟೆ ತಂದವನು ನಾನು. ಬಿ.ಎಸ್‌ಸಿ. ಓದುತ್ತಿದ್ದ ಹುಡುಗ. ಟಿ.ಎಸ್.ಎಚ್. ನೂರರ ಹತ್ತಿರ ಇತ್ತು. ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಅವ್ವನಿಗೆ ಓದಿ ಹೇಳಿದೆ: ಇದು ಕಾಯಿಲೆ, ಗುಳಿಗೆಯಿಂದ ಸರಿಹೋಗುತ್ತದೆ, ಜೀವಕ್ಕೆ ಭಯವಿಲ್ಲ ಎಂದು. ಆಕೆ ಗುಳಿಗೆಯ ಬೆಲೆ ಕೇಳಲಿಲ್ಲ, ಎಷ್ಟು ದಿನ ನುಂಗಬೇಕೆಂದೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನಾ ಇಷ್ಟು ವರ್ಷ ಸುಳ್ಳ ಹೇಳತಿದ್ದಿಲ್ಲ, ಹೌದಿಲ್ಲೋ?" ಎಂದಳು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಓದಿದ್ದೇ ಮೇಲಿನದೆಲ್ಲ. ಗುಳಿಗೆ ಹಿಡಿಯಿತು, ಆರು ತಿಂಗಳಲ್ಲಿ ಅವ್ವ ಮತ್ತೆ ಹಾಡುತ್ತ ರೊಟ್ಟಿ ಬಡಿಯತೊಡಗಿದಳು. ಆದರೆ ಹೋದ 11 ವರ್ಷಗಳನ್ನು ಯಾವ ಗುಳಿಗೆಯೂ ತಂದುಕೊಡಲಿಲ್ಲ. ರಕ್ತ ಸಾಕ್ಷಿ ಹೇಳುವವರೆಗೆ ನಾವು ಯಾರೂ ಆಕೆಯ ಮಾತನ್ನು ನಂಬಿರಲಿಲ್ಲವಲ್ಲ ಎಂಬುದು ಇಂದಿಗೂ ಕಾಡುತ್ತದೆ. ಓದುಗ ಬಂಧುಗಳಲ್ಲಿ ವಿನಂತಿ ಇಷ್ಟೆ. ಮನೆಯಲ್ಲಿ ತಾಯಿಯೋ, ಹೆಂಡತಿಯೋ, ಸೊಸೆಯೋ ದಣಿವು ಎಂದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ಅವರು ಹೇಳಿದರೆ ರಕ್ತ ಪರೀಕ್ಷೆ ಮಾಡಿಸಿರಿ. ವರದಿ ಬರುವ ಮೊದಲೇ ಆಕೆಯ ಮಾತನ್ನು ನಂಬಿರಿ.